ಕೊನೆಯ ‘ಸೆ’

ಎರಡು ಪಾಳಿ ಒಟ್ಟಿಗೆ ಮಾಡಿದ ಲವೀನಾಳಿಗೆ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಕಿನ್ನಿಗೋಳಿಯಿಂದ ಕ್ರೊಯೇಷಿಯಾದ ಈ ವೃದ್ಧಾಶ್ರಮಕ್ಕೆ ನರ್ಸಾಗಿ ಬಂದು ಒಂದು ವರ್ಷ. ಇಲ್ಲಿನ ಭಾಷೆ ಇನ್ನೂ ಅರೆಬರೆ.

ಸಾಯುವ ಹೊತ್ತಿನಲ್ಲಿದ್ದ ಅಜ್ಜಿಯನ್ನು ನೋಡಲು ಆಕೆಯ ತಮ್ಮ ಬಂದು ಹೊರಗೆ ನಿಂತಿದ್ದ. ಯುದ್ಧದಲ್ಲಿ ಆಕೆಯ ಗಂಡನನ್ನು ಶತ್ರುಗಳಿಗೆ ಹಿಡಿದುಕೊಟ್ಟವನು ಅವನೇ.

“ಒಳಗೆ ಕಳಿಸಲಾ ಅಜ್ಜಿ?”

ಅಜ್ಜಿ ಕಣ್ಣು ತೆರೆಯದೆ, “ಓಪ್ರೊಸ್ತಿಲಾ ಸಾಮ್ ಸೆ” ಎಂದಳು.

ಓಪ್ರೊಸ್ತಿತಿ ಎಂದರೆ ಕ್ಷಮಿಸು. ಓಪ್ರೊಸ್ತಿಲಾ ಸಾಮ್ ಎಂದರೆ, ಹೇಳುವವಳು ಹೆಂಗಸಾದರೆ, ಕ್ಷಮಿಸಿದೆ. ಲವೀನಾ ಅಷ್ಟು ಕಲಿತಿದ್ದಳು. ಹೊರಗೆ ಹೋಗಿ, “ಕ್ಷಮಿಸಿದ್ದಾರಂತೆ” ಎಂದಳು. ಮುದುಕ ಅಳುತ್ತ ಒಳಗೆ ನುಗ್ಗಿದ.

“ಕೊನೆಗೆ ‘ಸೆ’ ಅಂದ್ರಾ?” ಅಜ್ಜಿಯ ಮಾತನ್ನು ಲವೀನಾಳ ಬಾಯಿಂದ ಕೇಳಿ, ಅವಳ ಊರಿನವಳೇ ಆದ ಹಿರಿಯ ನರ್ಸ್ ಸೆವ್ರಿನ್ ಗಾಬರಿಯಾದಳು. “‘ಸೆ’ ಸೇರಿದ್ರೆ ಕ್ಷಮೆ ಅಲ್ಲ ಮಾರಾಯ್ತಿ, ವಿದಾಯ ಹೇಳಿ ಆಯ್ತು ಅಂತ. ಅವನ ಮುಖ ನೋಡುವುದೇ ಬೇಡ ಅಂತ ಅವ್ರು ಹೇಳಿದ್ದು!”

ಲವೀನಾ ಒಳಗೆ ಧಾವಿಸಿದಳು. ಮುದುಕ ಹಾಸಿಗೆಯ ಪಕ್ಕ ಮಂಡಿಯೂರಿ, “ಕ್ಷಮಿಸಿದೆಯಂತಲ್ಲ ಅಕ್ಕಾ” ಎಂದು ಬಿಕ್ಕುತ್ತಿದ್ದ.

“ಅಜ್ಜಿ, ತಪ್ಪು ನನ್ನದು, ನಾನು…”

ಅಜ್ಜಿಯ ಒಣಗಿದ ಕೈ ನಿಧಾನವಾಗಿ ತಮ್ಮನ ತಲೆಯ ಮೇಲೆ ಬಂತು.

“ಸಾಕಾಗಿದೆ ಮಗಳೇ, ತಿದ್ದಬೇಡ.”