ಕಾಗೆಯ ಪಾಸ್‌ವರ್ಡ್

"ಆ ಕಂಪ್ಯೂಟರ್ ಎಲ್ಲಿ?"

ಗ್ರಂಥಾಲಯದ ಬಾಗಿಲು ತೆರೆಯುತ್ತಲೇ ಮೇಯರ್ ಗ್ರಾಂಟ್ ಹೊಸಾಕ್ ಕೇಳಿದ ಮೊದಲ ಮಾತು ಅದು. ಕುಶಲ ಇಲ್ಲ, ಸೌಜನ್ಯ ಇಲ್ಲ. ನೆಟ್ಟಗೆ ನಡೆದು ಹೀಟರ್ ಪಕ್ಕದ ಖಾಲಿ ಮೇಜಿನ ಮುಂದೆ ನಿಂತ.

ಲೋರ್ನಾ ಟೆಸ್ಕಿ ಕೈಯಲ್ಲಿದ್ದ ಪುಸ್ತಕಕ್ಕೆ ಮುದ್ರೆ ಒತ್ತಿ ಆಮೇಲೆ ತಲೆಯೆತ್ತಿದಳು. ಹ್ಯಾಲಿಡೇ ಕ್ರೀಕ್ ಎಂಬ ಊರಿನ ಗ್ರಂಥಪಾಲಕಿಯಾಗಿ ಅವಳು ಇಪ್ಪತ್ತೆರಡು ವರ್ಷ ಕಳೆದಿದ್ದಳು. ಈ ಮನುಷ್ಯನನ್ನು ಕಂಡರೆ ಅವಳಿಗಾಗದು, ಅವಳನ್ನು ಕಂಡರೆ ಅವನಿಗಾಗದು. ಆದರೆ ಗ್ರಂಥಾಲಯ ಇದ್ದದ್ದು ಪುರಸಭೆ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ. ಅಲ್ಲಿನ ಎಲ್ಲ ಬಾಗಿಲುಗಳ ಬೀಗದ ಕೈ ಅವನ ಸೊಂಟದಲ್ಲಿತ್ತು, ಅವಳ ನೌಕರಿ ಅವನ ಮರ್ಜಿಯಲ್ಲಿತ್ತು.

"ಸೋಮವಾರ ಕೆಟ್ಟುಹೋಯ್ತು," ಎಂದಳು. "ಕಪ್ಪು ಪರದೆ ಬಿಟ್ಟು ಬೇರೇನೂ ಬರ್ತಿಲ್ಲ."

"ಅದರಲ್ಲಿದ್ದ ಪಾಸ್‌ವರ್ಡ್‌ಗಳು?"

ಓಹೋ, ಎಂದುಕೊಂಡಳು ಲೋರ್ನಾ. ಸಾಹೇಬರು ಬಂದಿರುವುದು ಕಾಗೆಯನ್ನು ಹಿಡಿಯಲು.

ಯಾರೋ ಹೆಸರು ಹೇಳದೆ ನಡೆಸುತ್ತಿದ್ದ ಅಂತರ್ಜಾಲದ ಪುಟಕ್ಕೆ 'ಕಾಗೆ' ಎಂದು ಹೆಸರು. ಎಂಟು ವರ್ಷಗಳಿಂದ ಪ್ರತಿ ಗುರುವಾರ ಅದರಲ್ಲಿ ಮೇಯರನಿಗೆ ಮಂಗಳಾರತಿ. ಬೋಳುತಲೆ, ಹೊಟ್ಟೆ, ತೀರಿಕೊಂಡ ತಾಯಿ, ಯಾವುದನ್ನೂ ಬಿಡುತ್ತಿರಲಿಲ್ಲ. ತಾಯಿಯ ಬಗ್ಗೆ ಬರೆದ ವಾರವಂತೂ ಊರಿನ ಹೆಂಗಸರು ಸೇಬಿನ ಪೈ ಹೊತ್ತುಕೊಂಡು ಅವನ ಮನೆಗೆ ಹೋಗಿ ಸಮಾಧಾನ ಹೇಳಿ ಬಂದಿದ್ದರು. ಲೋರ್ನಾಳಿಗೆ ಕಾಗೆಯ ಮೇಲೆ ಇದ್ದ ದೂರು ಒಂದೇ. ಪುರಸಭೆಯ ಕಸದ ಗುಂಡಿಯ ನೀರು ಜನರ ಬಾವಿಗಳಿಗೆ ಇಳಿಯುತ್ತಿದ್ದರೂ ಅದರ ಬಗ್ಗೆ ಕಾಗೆ ಒಂದು ಅಕ್ಷರ ಬರೆದಿರಲಿಲ್ಲ. ಪಾಪ, ವಯಸ್ಸಾದ ಜೀವಕ್ಕೆ ಅದೆಲ್ಲ ಎಲ್ಲಿಂದ ತಿಳಿಯಬೇಕು ಎಂದು ಸುಮ್ಮನಾಗಿದ್ದಳು.

ಯಾಕೆಂದರೆ ಕಾಗೆ ಯಾರೆಂದು ಅವಳಿಗೆ ಗೊತ್ತಿತ್ತು. ಆ ಕಂಪ್ಯೂಟರ್ ಯಾರೋ ದಾನ ಕೊಟ್ಟ ಹಳೆಯ ಪೆಟ್ಟಿಗೆ. ಗ್ರಂಥಾಲಯದ ಉಳಿದ ಕಂಪ್ಯೂಟರುಗಳು ಪ್ರತಿ ಸಂಜೆ ತಮ್ಮ ನೆನಪನ್ನೆಲ್ಲ ಅಳಿಸಿಕೊಂಡರೆ, ಇದು ಒಮ್ಮೆ ಕೊಟ್ಟ ಪಾಸ್‌ವರ್ಡನ್ನು ಮರೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಧೂಳು ಒರೆಸುವಾಗ ಕೈತಾಗಿ ಕಾಗೆಯ ಪುಟದ ಒಳಬಾಗಿಲೇ ಪರದೆಯ ಮೇಲೆ ತೆರೆದುಕೊಂಡಿತ್ತು. ಪಾಸ್‌ವರ್ಡಿನ ಜಾಗದಲ್ಲಿ ಚುಕ್ಕಿಗಳು ತಾವಾಗಿಯೇ ತುಂಬಿಕೊಂಡಿದ್ದವು. ಆ ಪೆಟ್ಟಿಗೆಯ ಮುಂದೆ ಕೂರುತ್ತಿದ್ದವಳು ಒಬ್ಬಳೇ, ಎಪ್ಪತ್ತೊಂಬತ್ತರ ನಿವೃತ್ತ ಶಾಲಾಶಿಕ್ಷಕಿ ವೆರ್ನಾ ಪೈಕ್. ಪ್ರತಿ ಬುಧವಾರ ಮಧ್ಯಾಹ್ನ ಬಂದು, ಪರದೆಗೆ ಭುಜ ಅಡ್ಡ ಇಟ್ಟು, ತನ್ನಷ್ಟಕ್ಕೇ ಕಿಸಕ್ಕೆಂದು ನಗುತ್ತ ಕೂರುತ್ತಿದ್ದಳು.

ವೆರ್ನಾ ಇರುವುದು ಪುರಸಭೆ ವೃದ್ಧರಿಗೆ ಕೊಟ್ಟ ಮನೆಯಲ್ಲಿ. ಹೆಸರು ಹೊರಬಿದ್ದರೆ ಮರುದಿನವೇ ಅವಳ ಸಾಮಾನು ಬೀದಿಯಲ್ಲಿರುತ್ತದೆ. ಆದ್ದರಿಂದ ಕಂಪ್ಯೂಟರ್ ಕೆಟ್ಟ ದಿನವೇ ಲೋರ್ನಾ ಅವಳನ್ನು ಕರೆದು, ಕೆಲವು ವಾರ ಈ ಕಡೆ ಬರಬೇಡಿ ಎಂದಿದ್ದಳು. ಮುದುಕಿ ಕಣ್ಣೀರು ಹಾಕಿದಳು. ದೂರದ ಕ್ಯಾಲ್ಗರಿಯಲ್ಲಿರುವ ಮೊಮ್ಮಗಳ ಜೊತೆ ಕಂಪ್ಯೂಟರಿನಲ್ಲಿ ಚದುರಂಗ ಆಡಲು ತನಗೆ ಬೇರೆ ಜಾಗವೇ ಇಲ್ಲ ಎಂದಳು. ಎಂಥ ಚೆಂದದ ಸುಳ್ಳು ಎಂದು ಲೋರ್ನಾ ಮನಸ್ಸಿನಲ್ಲೇ ಮೆಚ್ಚಿಕೊಂಡಳು.

"ಸಡ್‌ಬರಿಯಿಂದ ಒಬ್ಬನನ್ನ ಕರೆಸಿದೀನಿ," ಎಂದ ಮೇಯರ್. "ಹೊರಗೆ ವ್ಯಾನಲ್ಲಿ ಕೂತಿದಾನೆ. ಸತ್ತ ಡಿಸ್ಕಿಂದ್ಲೂ ಪಾಸ್‌ವರ್ಡ್ ತೆಗೀತಾನೆ. ತಾ ಇಲ್ಲಿ."

ಓದುಗರು ಇಲ್ಲಿ ಏನು ಮಾಡುತ್ತಾರೆಂಬುದು ಅವರ ಖಾಸಗಿ ವಿಷಯ, ಬೇಕಿದ್ದರೆ ನ್ಯಾಯಾಲಯದ ಆದೇಶ ತನ್ನಿ ಎಂದು ಲೋರ್ನಾ ಕಡ್ಡಿ ಮುರಿದಂತೆ ಹೇಳಿದಳು.

"ಚುನಾವಣೆಗೆ ಹನ್ನೆರಡು ದಿನ ಇಟ್ಕೊಂಡು ನನಗೆ ಕಾನೂನು ಹೇಳ್ಬೇಡ." ಅವನು ಮೇಜಿನ ಮೇಲೆ ಎರಡೂ ಕೈ ಊರಿದ. "ನಾಳೆ ಸಭೆ ಇದೆ. ಡಿಸ್ಕ್ ಸಿಗದಿದ್ರೆ ನಿನ್ನ ಕೆಲಸ ಹೋಯ್ತು ಅಂತ್ಲೇ ತಿಳ್ಕೊ."

ಲೋರ್ನಾಳಿಗೆ ಹೆದರಿಕೆಯಾಯಿತು. ಐವತ್ತೆಂಟರ ಹೆಂಗಸಿಗೆ ಈ ಸಣ್ಣ ಊರಿನಲ್ಲಿ ಇನ್ನು ಕೆಲಸ ಕೊಡುವವರು ಯಾರು? ಆದರೆ ಇಷ್ಟು ವರ್ಷಗಳ ರೋಷ ಹೆದರಿಕೆಗಿಂತ ದೊಡ್ಡದಾಗಿತ್ತು. ಡ್ರಾಯರ್ ಎಳೆದು ಡಿಸ್ಕನ್ನು ಅವನ ಮುಂದೆ ಕುಕ್ಕಿದಳು. ಅದರ ಮೈಯಲ್ಲಿ ಈ ಬದಿಯಿಂದ ಆ ಬದಿಗೆ ಹಾಯುವ ಮೂರು ತೂತುಗಳಿದ್ದವು.

"ರಿಪೇರಿಯವನು ಎಲ್ಲಾನೂ ವಾಪಸ್ ತೆಗೀಬಹುದು ಅಂದಿದ್ದ. ನಾನೇ ಬೇಡ ಅಂದು ಎದುರಿಗೆ ನಿಂತು ಕೊರೆಸಿದೆ. ಕೆಲಸದಿಂದ ತೆಗೀತೀರಾ, ತೆಗೀರಿ. ಕಾಗೆ ಯಾರು ಅಂತ ಮಾತ್ರ ನಿಮಗೆ ಈ ಜನ್ಮದಲ್ಲಿ ಗೊತ್ತಾಗಲ್ಲ."

ಅವನು ಕೂಗಾಡುತ್ತಾನೆಂದು ಕಾದಳು. ಅವನು ಕೂಗಾಡಲಿಲ್ಲ. ಡಿಸ್ಕನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. ಹೀಟರ್ ಪಕ್ಕದ ಕುರ್ಚಿಯಲ್ಲಿ ಕುಸಿದು ಕುಳಿತ. ಗೆದ್ದೆ ಎಂದುಕೊಂಡಳು ಲೋರ್ನಾ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಅವನ ಮುಂದೆ ಅವಳಿಗೆ ಖುಷಿಯಾಯಿತು.

"ಕಾಗೆ ಯಾರು ಅಂತ ನಿನ್ನ ಕೇಳಿದವರು ಯಾರು?" ಎಂದ ಅವನು, ಕೀರಲು ದನಿಯಲ್ಲಿ. "ರಾತ್ರಿ ಬಂದು ಕೂತಾಗೆಲ್ಲ ಪಾಸ್‌ವರ್ಡನ್ನ ಅದೇ ತುಂಬ್ಕೋತಿತ್ತು ಅಂತ ನಾನು ಎಲ್ಲೂ ಬರೆದಿಟ್ಕೊಳ್ಲೇ ಇಲ್ಲ. ಜನ ಅಯ್ಯೋ ಪಾಪ ಅಂತ ಓಟು ಹಾಕ್ಬೇಕಾದ್ರೆ, ಈ ಗುರುವಾರ ನನ್ನನ್ನ ಬೈಯೋರು ಯಾರು?"