ಫಿಟ್ಟರ್ ಹಾಲೇಶಪ್ಪನ ಕೈ

‘ಟಿಕ್’ ಅಂತ ಸಣ್ಣ ಸದ್ದೊಂದು ಬಂತು. ಹೊಸಮನೆ ಬಡಾವಣೆಯ ತಂಗಿಯ ಮನೆಯ ಪುಟ್ಟ ಹಾಲಿನಲ್ಲಿ, ಬಿಚ್ಚಿಟ್ಟ ಕಂಪ್ಯೂಟರಿನ ಸುತ್ತ ಕೂತಿದ್ದ ಮೂವರಲ್ಲಿ ಅದು ಕೇಳಿಸಿದ್ದು ಹಾಲೇಶಪ್ಪ ಒಬ್ಬನಿಗೇ. ಭದ್ರಾವತಿಯ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಫಿಟ್ಟರ್ ಆಗಿದ್ದವನಿಗೆ ಯಾವುದು ಕೂತ ಸದ್ದು, ಯಾವುದು ಒಡೆದ ಸದ್ದು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಸ್ಕ್ರೂಡ್ರೈವರ್ ಕೆಳಗಿಟ್ಟು, “ಹಾಂ, ಫ್ಯಾನ್ ಕೂತ್ಕೊಳ್ತು” ಅಂದ.

“ಸ್ವಿಚ್ ಹಾಕ್ಲಾ ಮಾವ?” ತಂಗಿಯ ಮಗ ಸತೀಶನಿಗೆ ತಡೆಯಲಾಗುತ್ತಿರಲಿಲ್ಲ.

ಹಾಕಿದ. ಫ್ಯಾನು ಗಿರ್ರನೆ ತಿರುಗಿತು. ಮಾನಿಟರ್ ಮಾತ್ರ ಕಪ್ಪಗೆ ಕೂತಿತ್ತು. ಆರಿಸಿ ಮತ್ತೆ ಹಾಕಿದ, ವೈರು ಕಿತ್ತು ಮತ್ತೆ ಚುಚ್ಚಿದ. ತಂಗಿ ಪುಷ್ಪಾ ಎದ್ದು ಹೋಗಿ ದೇವರಿಗೆ ಕೈಮುಗಿದು ಬಂದಳು. ಊಹೂಂ, ಏನೂ ಇಲ್ಲ.

ಪಾಪ, ಅಂಗಡಿಯಲ್ಲೇ ಜೋಡಿಸಿ ತರೋಣ ಅಂತ ಸತೀಶ ಮೊದಲೇ ಬಡಕೊಂಡಿದ್ದ. ಸೈಬರ್ ಸೆಂಟರಿನ ಕುಂಟು ಕಂಪ್ಯೂಟರಿನಲ್ಲಿ ರೇಸ್ ಗೇಮಿನ ಕಾರು ತಿರುವಿಗೊಮ್ಮೆ ನಿಂತು ನಿಂತು ಓಡುವುದನ್ನು ನೋಡಿ ಅವನಿಗೆ ರೋಸಿಹೋಗಿತ್ತು. ಎರಡು ವರ್ಷ ವಿದ್ಯಾನಗರದಲ್ಲಿ ಮನೆಮನೆಗೆ ಹೋಗಿ ಟ್ಯೂಷನ್ ಹೇಳಿ, ಯಾವ ಪ್ರೊಸೆಸರ್, ಯಾವ ಗ್ರಾಫಿಕ್ಸ್ ಕಾರ್ಡ್ ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಹೊಡೆದು, ಮತ್ತೆ ಬರೆದು ಆರಿಸಿದ್ದ. ಸಾಮಾನು ಕೊಂಡಿದ್ದು ಸವಳಂಗ ರಸ್ತೆಯ ಷಣ್ಮುಖಪ್ಪನವರ ಅಂಗಡಿಯಲ್ಲಿ. ಅಲ್ಲೇ ಜೋಡಿಸಿಯೂ ಕೊಡುತ್ತಿದ್ದರು. ಪುಷ್ಪಾ ಬಿಡಬೇಕಲ್ಲ! “ನಿನ್ನ ಮೊದಲ ಕೂದಲು ತೆಗೆಸಿದ್ದು ನಮ್ಮಣ್ಣನ ತೊಡೆ ಮೇಲೆ. ಕಿವಿ ಚುಚ್ಚಿಸಿದ್ದು ಅವನ ತೊಡೆ ಮೇಲೆ. ಸೋದರಮಾವ ಇರೋವಾಗ ಇದಕ್ಕೆ ಹೊರಗಿನವರ ಕೈ ಯಾಕೋ? ಅವನಿಗೂ ಒಂದು ದಾರಿ ಆಗ್ಲಿ” ಅಂದಿದ್ದಳು.

ದಾರಿ ಅಂದರೆ ಅದೂ ಷಣ್ಮುಖಪ್ಪನವರ ಅಂಗಡಿಯೇ. ವಿ.ಆರ್.ಎಸ್. ತಗೊಂಡು ಕಾರ್ಖಾನೆ ಬಿಟ್ಟು ಮನೆಯಲ್ಲಿ ಕೂತ ಹಾಲೇಶಪ್ಪ, ಮಕ್ಕಳ ವಯಸ್ಸಿನವರ ಪಕ್ಕ ಬೆಂಚಿನಲ್ಲಿ ಕೂತು ಮೂರು ತಿಂಗಳು ಹಾರ್ಡ್‌ವೇರ್ ಕೋರ್ಸ್ ಮಾಡಿದ್ದ. ಹದಿನೈದು ಜನಕ್ಕೆ ಒಂದೇ ಹಳೇ ಕಂಪ್ಯೂಟರು; ಇವನ ಕೈಗೆ ಅದು ಸಿಕ್ಕಿದ್ದೇ ಕಡಿಮೆ. ಕೆಲಸ ಕೇಳಿದ ಕಡೆಯೆಲ್ಲ ನರೆತ ತಲೆ ನೋಡಿ ನಕ್ಕರು. ನಗದೇ ಇದ್ದವರು ಷಣ್ಮುಖಪ್ಪ ಒಬ್ಬರು. “ನಿಮ್ಮ ಕೈಯಾರೆ ಒಂದು ಮಿಷಿನ್ ಜೋಡಿಸಿ ತಂದು ತೋರಿಸಿ, ಕೆಲಸದ ವಿಷಯ ಆಮೇಲೆ ಮಾತಾಡೋಣ” ಅಂದಿದ್ದರು. ಈಗ ಮಾವ, ಅಳಿಯ ಅದೇ ಮಿಷಿನ್ನನ್ನು ಆಟೋದಲ್ಲಿ ಹಾಕಿಕೊಂಡು ಅವರ ಮುಂದೆಯೇ ಇಟ್ಟರು.

ಷಣ್ಮುಖಪ್ಪ ಫ್ಯಾನ್ ಬಿಚ್ಚಿ, ಅದರ ಕೆಳಗಿದ್ದ ಪ್ರೊಸೆಸರನ್ನು ಟ್ಯೂಬ್‌ಲೈಟಿಗೆ ಹಿಡಿದರು. ಅದರ ನಡುವಿನ ಉಗುರಗಲದ ಚಿಪ್‌ನ ಮೂಲೆಯಲ್ಲಿ ಉಪ್ಪಿನ ಹರಳಿನಷ್ಟು ಚೂರು ಎಗರಿಹೋಗಿತ್ತು. “ಅಯ್ಯೋ ಶಿವನೇ! ಫ್ಯಾನ್ ಒತ್ತಿದ್ದು ಯಾರ್ರೀ? ಇದೇನು ರೈಲು ಹಳಿಯಾ? ಮುಗೀತು ಇದರ ಕಥೆ. ಒಡೆದಿದ್ದಕ್ಕೆ ವಾರಂಟಿನೂ ಇಲ್ಲ.”

‘ನಾನು’ ಅಂತ ಹಾಲೇಶಪ್ಪ ಅನ್ನುವಷ್ಟರಲ್ಲಿ ಸತೀಶ ಮುಂದೆ ಬಂದ. “ನಾನೇ ಸಾರ್. ಮಾವ ಬರೋದ್ರೊಳಗೆ ಅವಸರ ಮಾಡ್ಬಿಟ್ಟೆ.”

“ಏನ್ ಮಾರಾಯ ನೀನು, ಮನೇಲೇ ಇಂಥವರನ್ನ ಇಟ್ಕೊಂಡು!” ಷಣ್ಮುಖಪ್ಪ ಡ್ರಾಯರಿನಿಂದ ಹಳೇ ಪ್ರೊಸೆಸರೊಂದನ್ನು ತೆಗೆದರು. “ಬೋರ್ಡಾದ್ರೂ ಬದುಕಿದೆಯಾ ನೋಡೋಣ. ಬನ್ನಿ ಹಾಲೇಶಪ್ನೋರೆ, ಇದನ್ನ ನೀವೇ ಕೂರಿಸಿ. ನಿಮ್ಮ ಕೈನೂ ನೋಡಿದ ಹಾಗಾಯ್ತು.”

ಸತೀಶ ಮೊಣಕೈಯಿಂದ ಮೆಲ್ಲಗೆ ತಿವಿದ. ಹಾಲೇಶಪ್ಪ ಪ್ರೊಸೆಸರ್ ಇಟ್ಟ, ಮೇಲೆ ಫ್ಯಾನ್ ಇಟ್ಟ, ಅದರ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ತುದಿ ಕೊಟ್ಟ. ಇನ್ನು ಒಂದು ಸಲ ಒತ್ತಿದರೆ ಆಯಿತು. ಕಾರ್ಖಾನೆಯಲ್ಲಿ ಬೋಲ್ಟನ್ನು ಮೈಭಾರ ಹಾಕಿ ಬಿಗಿಯಬೇಕು, ಸಡಿಲ ಬಿಟ್ಟರೆ ಯಾರದೋ ಜೀವ ಹೋಗುತ್ತೆ. ಇಲ್ಲಿ ಎಷ್ಟು ಒತ್ತಿದರೆ ಸಾಕು? ಬೆರಳು ಮುಂದೆ ಹೋಗಲೊಲ್ಲದು.

“ಒತ್ರೀ, ಏನಾಗಲ್ಲ” ಅಂದರು ಷಣ್ಮುಖಪ್ಪ.

ಅವನು ಸ್ಕ್ರೂಡ್ರೈವರನ್ನು ಗಾಜಿನ ಮೇಜಿನ ಮೇಲೆ ಇಟ್ಟುಬಿಟ್ಟ. “ನನ್ನ ಕೈಲಾಗಲ್ಲ ಸ್ವಾಮಿ. ಅದನ್ನ ಒಡೆದಿದ್ದೂ ನಾನೇ. ಹುಡುಗ ನನಗೋಸ್ಕರ ಸುಳ್ಳು ಹೇಳ್ದ.”

ಷಣ್ಮುಖಪ್ಪ ತಾವೇ ಎರಡು ಬೆರಳಲ್ಲಿ ಒತ್ತಿದರು. ಫ್ಯಾನ್ ಸದ್ದಿಲ್ಲದೆ ಕೂತಿತು. ಸ್ವಿಚ್ ಹಾಕಿದ ಕೂಡಲೇ ಮಾನಿಟರಿನಲ್ಲಿ ಬಿಳೀ ಅಕ್ಷರ ಮೂಡಿತು. “ಬೋರ್ಡ್ ಚೆನ್ನಾಗಿದೆ, ಹೊಸ ಪ್ರೊಸೆಸರ್ ತಗೊಳ್ಳೋವಾಗ ಬಾ” ಅಂತ ಸತೀಶನಿಗೆ ಹೇಳಿ, ಹಳೆಯದನ್ನು ಬಿಚ್ಚಿ ಡ್ರಾಯರಿಗೆ ಹಾಕಿಕೊಂಡರು. ಕೆಲಸದ ಮಾತನ್ನು ಅವರೂ ಎತ್ತಲಿಲ್ಲ, ಹಾಲೇಶಪ್ಪನೂ ಕೇಳಲಿಲ್ಲ.

ರಸ್ತೆಗಿಳಿದ ಮೇಲೆ ಸತೀಶನಿಗೆ ಅಳುವೇ ಬಂದಿತ್ತು. “ಒತ್ತಿಬಿಡಬೇಕಿತ್ತು ಮಾವ. ಹೋಗಿದ್ದು ಹೇಗೂ ಹೋಗಿತ್ತು. ನಿನಗೆ ಕೆಲಸನಾದ್ರೂ ಸಿಕ್ತಿತ್ತು.”

ಹಾಲೇಶಪ್ಪ ಅವನ ಕಿವಿಯ ಕಡೆ ನೋಡಿದ. ಚುಚ್ಚಿದ ತೂತು ಯಾವತ್ತೋ ಮುಚ್ಚಿಹೋಗಿ, ಒಂದು ಚುಕ್ಕೆ ಮಾತ್ರ ಉಳಿದಿತ್ತು.

“ಅವತ್ತು ನಿನ್ನ ಕಿವಿ ಚುಚ್ಚೋವಾಗ, ಅಲ್ಲಾಡದ ಹಾಗೆ ಗಟ್ಟಿ ಹಿಡ್ಕೊಳ್ಳಪ್ಪ ಅಂದ್ರು, ಹಿಡ್ಕೊಂಡೆ. ಕಾರ್ಖಾನೇಲೂ ಗಟ್ಟಿ ಹಿಡಿ ಅಂತಲೇ ಹೇಳಿದ್ರು. ಮೆತ್ತಗೆ ಹಿಡಿ ಅಂತ ಈ ಕೈಗೆ ಯಾರೂ ಹೇಳೇ ಇಲ್ಲ ಕಣೋ.”