ಬಿಡಿ ಸ್ಕ್ರೂ

ಅಕ್ಕಿಕಾಳಿನಷ್ಟು ಸ್ಕ್ರೂ. ಲೇತ್‌ನ ಟೂಲ್ ಹೋಲ್ಡರ್‌ನಲ್ಲಿ ಕಬ್ಬಿಣ ಕತ್ತರಿಸುವ ಟಿಪ್ಪನ್ನು ಹಿಡಿದಿಡುವುದು ಅದೊಂದೇ. ಅದರ ಥ್ರೆಡ್ ಸವೆದು ಮಿಷನ್ ನಿಂತಿತ್ತು. ಸಂಜೆಯೊಳಗೆ ಮಾಲು ಕೊಡದಿದ್ದರೆ ಆರ್ಡರ್ ಬೇರೆಯವರ ಪಾಲು. ಆಪರೇಟರ್‌ಗೆ "ನಾನೇ ತರ್ತೀನಿ" ಅಂತ ಹೇಳಿ ಬೆಳಿಗ್ಗೆಯೇ ಹೊರಟೆ.

ಎಲ್ಲ ಅಂಗಡಿಯಲ್ಲೂ ಒಂದೇ ರಾಗ: ಸ್ಕ್ರೂ ಬಿಡಿಯಾಗಿ ಬರಲ್ಲ. ಒಬ್ಬ ಮೊಬೈಲಿನಿಂದ ತಲೆಯೇ ಎತ್ತಲಿಲ್ಲ. ಇನ್ನೊಬ್ಬ ಬಾಗಿಲ ಚಿಲಕದ ಸ್ಕ್ರೂ ಕೈಗಿಟ್ಟು, "ಇದು ಕೂರುತ್ತೇನೋ ನೋಡಿ" ಅಂದ. ಅಸಹ್ಯವಾಯಿತು. ಕೊನೆಯ ಅಂಗಡಿಯಲ್ಲಿ ಅದೇ ಹೋಲ್ಡರಿನ ಡಬ್ಬಿ ಕಣ್ಣಿಗೆ ಬಿತ್ತು.

"ಅದರಲ್ಲಿರೋ ಸ್ಕ್ರೂ ಬಿಚ್ಚಿ ಕೊಡ್ರಿ."

"ಬಿಚ್ಚಿಬಿಟ್ರೆ ಉಳಿದದ್ದನ್ನ ಯಾರು ತಗೋತಾರೆ ಸಾರ್? ಪೂರ್ತಿ ಹೋಲ್ಡರೇ ತಗೊಳ್ಳಿ."

"ಒಂದು ಸ್ಕ್ರೂಗೋಸ್ಕರ ಇಡೀ ಹೋಲ್ಡರಾ? ಹೇಳೋಕೆ ನಾಚಿಕೆ ಆಗಲ್ವೇನ್ರಿ?"

"ವ್ಯಾಪಾರ ಸಾರ್," ಅಂದ, ಹಲ್ಲು ಕಿರಿದು.

ಥೂ, ಇವನ ಮುಖ ಇನ್ನೊಮ್ಮೆ ನೋಡಬಾರದು ಅಂದುಕೊಂಡೆ. ದುಡ್ಡು ಎಸೆದು, ಡಬ್ಬಿ ಕಿತ್ತುಕೊಂಡು ಬಂದೆ.

ವರ್ಕ್‌ಶಾಪಿನ ಬಾಗಿಲಿಗೆ ಬರುವಷ್ಟರಲ್ಲೇ ಲೇತ್ ಓಡುವ ಸದ್ದು ಕೇಳಿಸಿತು.

"ಸ್ಕ್ರೂ ಸಿಕ್ತು ಸಾರ್!" ಆಪರೇಟರ್ ಒಳಗಿನಿಂದಲೇ ಕೂಗಿದ. "ನೀವು ಆ ಕಡೆ ಹೋದ ಮೇಲೆ ನಾನೂ ಒಂದು ಅಂಗಡಿಗೆ ಹೋಗಿ ಕೈಮುಗಿದು ಕೇಳಿದೆ. ಒಳ್ಳೇ ಮನುಷ್ಯ, ಪಾಪ. ಹೊಸ ಹೋಲ್ಡರಿನಿಂದಲೇ ಬಿಚ್ಚಿ ಕೊಟ್ಟ."

ನಾನು ಕೈಯಲ್ಲಿದ್ದ ಡಬ್ಬಿ ತೆರೆದೆ. ಹೋಲ್ಡರ್ ಇತ್ತು. ಸ್ಕ್ರೂ ಬಿಗಿ ಮಾಡುವ ಕೀ ಇತ್ತು. ಸ್ಕ್ರೂ ಇರಲಿಲ್ಲ.